ಟ್ರೇಯೊಳಗಿನ ಅಳಿಯ

ಮಾರ್ಚ್ ೪, ಮಂಗಳವಾರ

ಆ ಮನೆಯನ್ನು ಎರಡನೆಯ ಸಲ ನೋಡಿ ಬಂದೆವು. ಹಿಂದಿನ ಕೋಣೆಯಲ್ಲಿ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದಾರೆ. ಮಿಕ್ಕವು ಹಳೆಯ ಬಣ್ಣದಲ್ಲೇ ಇವೆ. ಮೊದಲ ಸಲ ಹೋದಾಗ ಸಂಜೆಯಾಗಿತ್ತು, ಗೊತ್ತಾಗಿರಲಿಲ್ಲ. ಯಾಕೆ ಎಂದು ಕೇಳಿದೆ. ಮನೆ ಮಾರುತ್ತಿರುವಾಕೆ ಆಸ್ಪತ್ರೆಯಲ್ಲಿ ನರ್ಸ್. ಆ ಗೋಡೆಗೆ ತಾಗಿ ಬೀರು ಇತ್ತು, ತೆಗೆದ ಮೇಲೆ ಅದರ ಆಕಾರ ಗೋಡೆಯ ಮೇಲೆ ಹಾಗೇ ಉಳಿದುಬಿಟ್ಟಿತ್ತು, ನೋಡೋಕೆ ಚೆನ್ನಾಗಿರಲಿಲ್ಲ ಅಂದರು. ಉತ್ತರ ಸ್ವಲ್ಪ ಬೇಗವೇ ಬಂತು. ಕೈಯ ಹಿಂಬದಿಯಿಂದ ಗೋಡೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಬೇರೆ ಗೋಡೆಗಳೂ ತಣ್ಣಗಿದ್ದವು, ಆದರೆ ಇದು ಹೆಚ್ಚು.

ನಾನು ಗೋಡೆ ನೋಡುತ್ತಿದ್ದಾಗ ಇವರು, ಮಂಚ ಹಿಡಿಸುತ್ತದೋ ಇಲ್ಲವೋ ನೋಡೋಣ ಎಂದು ಬರಿ ನೆಲದ ಮೇಲೆ ಉದ್ದಕ್ಕೆ ಮಲಗಿದರು. ಹಿಡಿಸುತ್ತದೆ ಅಂದರು. ಆಮೇಲೆ ಮಾತಿಲ್ಲ. ತಿರುಗಿ ನೋಡಿದರೆ ನಿದ್ದೆ ಹೋಗಿದ್ದಾರೆ, ಬಾಯಿ ತೆರೆದುಕೊಂಡು, ಪರರ ಮನೆಯಲ್ಲಿ. ಎಬ್ಬಿಸಲು ಹೋದೆ. ಆಕೆ ತಡೆದರು.

"ನೈಟ್ ಡ್ಯೂಟಿನಾ? ಮಲಗ್ಲಿ ಬಿಡಿ. ಆ ನಿದ್ದೆ ನಂಗೆ ಗೊತ್ತು."

ಅಷ್ಟು ಹೇಳಿ ತುದಿಗಾಲಲ್ಲಿ ನಡೆದು ಹೋಗಿ ಅಡುಗೆಮನೆಯ ನಲ್ಲಿ ನಿಲ್ಲಿಸಿದರು. ಒಳ್ಳೆಯತನವೇ ಇರಬಹುದು. ಆದರೆ ಮನೆ ಕೊಳ್ಳಲು ಬಂದವರು ಮಲಗಿಬಿಟ್ಟರೆ ಯಾರಿಗೆ ಅನುಕೂಲ ಎಂಬುದನ್ನೂ ಯೋಚಿಸಬೇಕು.

ಇವರಿಗೆ ನಿದ್ದೆ ಬೇಕು, ಅದು ನಿಜ. ರಾತ್ರಿಯಿಡೀ ಬೇಕರಿಯ ಒಲೆಯ ಮುಂದೆ ನಿಂತು ಬೆಳಿಗ್ಗೆ ಮನೆಗೆ ಬರುವ ಹೊತ್ತಿಗೆ ನಮ್ಮ ಬಾಡಿಗೆ ಮನೆಯ ಕೆಳಗಿನ ಬಡಗಿ ಗರಗಸದ ಯಂತ್ರ ಚಾಲೂ ಮಾಡುತ್ತಾನೆ. ಕಿವಿಗೆ ಹತ್ತಿ, ತಲೆಯ ಮೇಲೆ ದಿಂಬು, ಏನು ಮಾಡಿದರೂ ಹಾಸಿಗೆಯೇ ನಡುಗುತ್ತದೆ. ಹೋದ ತಿಂಗಳು ಒಲೆಯ ಬಾಗಿಲಿಗೆ ಕೈ ತಾಗಿ ಬಲ ಮುಂಗೈ ಸುಟ್ಟುಕೊಂಡರು. ನಿಂತಲ್ಲೇ ಕಣ್ಣು ಮುಚ್ಚಿತ್ತಂತೆ. ಇನ್ನೂ ಪಟ್ಟಿ ಕಟ್ಟಿದೆ. ಮುಂದಿನ ಸಲ ಕೈಗೇ ನಿಲ್ಲುತ್ತದೆ ಎಂದು ಹೇಳುವವರು ಯಾರು?

ದಾರಿಯಲ್ಲಿ ಇವರು, ಇದೇ ಮನೆ ಸಾಕು ಅಂದರು. ತಿಳಿದವರಿಂದ ಮನೆಯ ಪರೀಕ್ಷೆ ಮಾಡಿಸದೆ ಮುಂಗಡ ಕೊಡುವುದಿಲ್ಲ ಅಂದೆ.

"ನೀನೇ ಇದೀಯಲ್ಲ, ಬೇರೆ ಪರೀಕ್ಷೆ ಯಾಕೆ?" ಎಂದು ನಕ್ಕರು.

ಮಾರ್ಚ್ ೬, ಗುರುವಾರ

ದಲ್ಲಾಳಿ ಫೋನ್ ಮಾಡಿದ್ದ. ಪ್ರತಿ ಮಾತಿನ ಕೊನೆಗೆ 'ಶುಭವಾಗಲಿ' ಅನ್ನುತ್ತಾನೆಂದು ಇವರು ಅವನಿಗೆ ಶುಭವಾಗಲಿ ಎಂದೇ ಹೆಸರಿಟ್ಟಿದ್ದಾರೆ. ಮನೆ ಪರೀಕ್ಷಿಸುವವರು ತನಗೆ ಗೊತ್ತಿದ್ದಾರೆ, ನಾಳೆಯೇ ಕಳಿಸುತ್ತೇನೆ ಅಂದ. ಬೇಡ ಅಂದೆ. ಮಾರಿಸುವವನೇ ಪರೀಕ್ಷೆಯನ್ನೂ ಮಾಡಿಸಿದರೆ ಅದಕ್ಕೆ ಪರೀಕ್ಷೆ ಎನ್ನುತ್ತಾರೆಯೇ?

ಲೆನ್ಸ್ ಕಾರ್ಖಾನೆಯಲ್ಲಿ ನನ್ನ ಪಕ್ಕದ ಬೆಂಚಿನವಳ ಚಿಕ್ಕಪ್ಪನ ಮಗ ಇದೇ ಕೆಲಸ ಮಾಡುತ್ತಾನಂತೆ. ಅವನಿಗೆ ಫೋನ್ ಮಾಡಿದೆ. ಮುಂದಿನ ಶನಿವಾರ ಬರುತ್ತಾನೆ. ನಾವೂ ಜೊತೆಗಿರಬಹುದಂತೆ. ಆದರೆ ಅವನದೊಂದು ಷರತ್ತು.

"ಏನನ್ನೂ ತೋರಿಸ್ಬೇಡಿ ಮೇಡಂ. ನೀವು ತೋರಿಸಿದ್ರೆ ನಾನು ಅದನ್ನೇ ನೋಡ್ತಾ ನಿಂತುಬಿಡ್ತೀನಿ, ಮಿಕ್ಕಿದ್ದು ತಪ್ಪಿಹೋಗುತ್ತೆ."

ಅಂದರೆ ಹೊಸ ಬಣ್ಣದ ಗೋಡೆಯ ವಿಷಯ ನಾನು ಎತ್ತುವಂತಿಲ್ಲ. ಕೇಳಲು ಸರಿಯಾಗಿಯೇ ಇದೆ.

ಮಾರ್ಚ್ ೧೩, ಗುರುವಾರ

ಶುಭವಾಗಲಿಗೆ ಈ ಪರೀಕ್ಷಕನ ಪರಿಚಯವಿದೆ. ಯಾರನ್ನು ಗೊತ್ತುಮಾಡಿದಿರಿ ಎಂದು ಕೇಳಿದ, ಹೇಳಿದೆ. "ಅಯ್ಯೋ, ನಮ್ಮ ಹುಡುಗನೇ" ಅಂದ. ಇಷ್ಟು ದೊಡ್ಡ ಊರಿನಲ್ಲಿ ಇಬ್ಬರೂ ಒಂದೇ ಅಂಗಡಿಯಲ್ಲಿ ಟೀ ಕುಡಿಯುತ್ತಾರಂತೆ. ಪಕ್ಕದ ಬೆಂಚಿನವಳಿಗೆ ಹೇಳಿದರೆ, ಒಂದೇ ಕಸುಬಿನವರು ಒಬ್ಬರಿಗೊಬ್ಬರು ಗೊತ್ತಿರಲ್ವಾ ಅಕ್ಕಾ ಅಂದಳು. ಗೊತ್ತಿರುತ್ತಾರೆ. ಅದನ್ನೇ ನಾನೂ ಹೇಳುತ್ತಿರುವುದು.

ಇಂದು ನನ್ನ ಟ್ರೇಯಲ್ಲಿ ಅಳಿಯ ಬಂದಿದ್ದ. ನಾವು ದಿನವಿಡೀ ಕನ್ನಡಕದ ಲೆನ್ಸುಗಳನ್ನು ದೀಪಕ್ಕೆ ಹಿಡಿದು ಗೀರು, ಗುಳ್ಳೆ, ಅಲೆ ಹುಡುಕುತ್ತೇವೆ. ನಾವು ನಿಜವಾಗಿ ನೋಡುತ್ತೇವೋ ಇಲ್ಲವೋ ತಿಳಿಯಲು ಸೂಪರ್‌ವೈಸರ್ ಆಗಾಗ ತನಗೆ ಗೊತ್ತಿರುವ ಒಂದು ಕೆಟ್ಟ ಲೆನ್ಸನ್ನು ಒಳ್ಳೆಯದರ ನಡುವೆ ಸೇರಿಸಿಬಿಡುತ್ತಾರೆ. ಅದಕ್ಕೆ ಬೆಂಚಿನಲ್ಲಿ ಅಳಿಯ ಅನ್ನುತ್ತಾರೆ. ಹೇಳದೆ ಬರುತ್ತಾನೆ, ಗುರುತು ಹಿಡಿಯದಿದ್ದರೆ ಮಾನ ಹೋಗುತ್ತದೆ. ನನ್ನ ಕೈಯಿಂದ ಇವತ್ತಿನವರೆಗೆ ಒಬ್ಬ ಅಳಿಯನೂ ತಪ್ಪಿಸಿಕೊಂಡಿಲ್ಲ.

ಮನೆ ಪರೀಕ್ಷಿಸುವವರಿಗೆ ಯಾರು ಅಳಿಯನನ್ನು ಇಡುತ್ತಾರೆ?

ಮಾರ್ಚ್ ೧೪, ಶುಕ್ರವಾರ

ಕೆಲಸ ಮುಗಿಸಿ ಒಬ್ಬಳೇ ಆ ಮನೆಗೆ ಹೋದೆ. ಪರದೆಗೆ ಅಳತೆ ತೆಗೆದುಕೊಳ್ಳಬೇಕು ಅಂದೆ. ನರ್ಸಮ್ಮ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ನೀವು ತಗೊಳ್ಳಿ, ನಾನು ಬಟ್ಟೆ ಬದಲಾಯಿಸಿ ಬರ್ತೀನಿ ಎಂದು ಒಳಗೆ ಹೋದರು. ಕಿಟಕಿಗಳನ್ನು ನಿಜವಾಗಿಯೂ ಅಳೆದೆ. ಆಮೇಲೆ ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು ತೆಗೆದು, ಪೈಪು ಬಾಗುವ ಕಡೆ ಇರುವ ಪ್ಲಾಸ್ಟಿಕ್ ನಟ್ಟನ್ನು ಕೈಯಿಂದಲೇ ಸಡಿಲ ಮಾಡಿದೆ. ನಲ್ಲಿ ಸ್ವಲ್ಪ ಬಿಟ್ಟು ನೋಡಿದೆ. ಹನಿ ಬಿತ್ತು. ಒರೆಸಿ ಬಾಗಿಲು ಮುಚ್ಚಿದೆ.

ಇದರಿಂದ ಯಾರಿಗೂ ನಷ್ಟವಿಲ್ಲ. ಆಕೆ ಇಂದು ರಾತ್ರಿ ಮನೆಯಲ್ಲಿರುವುದಿಲ್ಲ. ನಾಳೆ ಅವನು ಸಿಂಕು ತುಂಬಿಸಿ ನೀರು ಬಿಟ್ಟು ನೋಡಿದರೆ ಸಿಗಲೇಬೇಕು. ಸಿಕ್ಕಿದರೆ ಬಿಗಿ ಮಾಡಿ ಅಂದರಾಯಿತು, ಅಲ್ಲಿಗೆ ಮುಗಿಯಿತು. ಸಿಕ್ಕದಿದ್ದರೆ ಅವನು ಯಾರ ಕಡೆಯವನು ಎಂದು ಗೊತ್ತಾಗುತ್ತದೆ.

ಇವರಿಗೆ ಹೇಳಿಲ್ಲ. ಇವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಮಾರ್ಚ್ ೧೫, ಶನಿವಾರ

ಇವರು ಬೇಕರಿಯಿಂದ ಸೀದಾ ಅಲ್ಲಿಗೇ ಹೋಗಿದ್ದರು, ನರ್ಸಮ್ಮನಿಗೆ ಬಿಸಿ ಬ್ರೆಡ್ಡು ಹಿಡಿದುಕೊಂಡು. ಕೊಳ್ಳುವವರು ಮಾರುವವರಿಗೆ ಉಡುಗೊರೆ ಕೊಡುವುದನ್ನು ಎಲ್ಲಿಯೂ ಕಂಡಿಲ್ಲ. ನಾನು ತಲುಪಿದಾಗ ಇಬ್ಬರೂ ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದರು. ಇವರ ಕೈಯ ಪಟ್ಟಿಯೆಲ್ಲ ಒದ್ದೆ. ಹಿಟ್ಟು ಮೆತ್ತಿತ್ತು, ತೊಳೆದೆ ಅಂದರು. ಗಾಯಕ್ಕೆ ನೀರು ತಾಗಿಸಬಾರದು ಎಂದು ಎಷ್ಟು ಸಲ ಹೇಳುವುದು ಎಂದು ಬೈದೆ. ನರ್ಸಮ್ಮ ಏನೂ ಹೇಳದೆ ಹೊಸ ಪಟ್ಟಿ ಕಟ್ಟಿದರು.

ಪರೀಕ್ಷಕ ಬಂದ. ಕುಳ್ಳಗೆ ದಪ್ಪಗಿದ್ದಾನೆ, ಹಣೆಗೆ ಕಟ್ಟುವ ಟಾರ್ಚು. ಇವರು ತಕ್ಷಣ ಟಾರ್ಚಪ್ಪ ಎಂದು ನನ್ನ ಕಿವಿಯಲ್ಲಿ ಹೇಳಿದರು. ಟಾರ್ಚಪ್ಪ ಜೇಬಿನಿಂದ ಒಂದು ಗೋಲಿ ತೆಗೆದು ಪ್ರತಿ ಕೋಣೆಯ ನೆಲದ ಮೇಲಿಟ್ಟು ಅದು ಯಾವ ಕಡೆ ಉರುಳುತ್ತದೆ ನೋಡಿದ. ಬಾಗಿಲುಗಳನ್ನು ಅರ್ಧ ತೆರೆದು ಬಿಟ್ಟು, ತಾವಾಗಿ ಮುಚ್ಚಿಕೊಳ್ಳುತ್ತವೆಯೇ ಎಂದು ಕಾದ. ಹೊಸ ಬಣ್ಣದ ಗೋಡೆಯ ಮುಂದೆ ಕೂತು, ಮೂಸಿ, ಬೆರಳಿನಿಂದ ಬಡಿದು ಕೇಳಿದ. ನಾನು ಬಾಯಿ ಬಿಗಿಹಿಡಿದುಕೊಂಡೆ. ಅಡುಗೆಮನೆಯಲ್ಲಿ ಸಿಂಕು ತುಂಬುವಷ್ಟು ನೀರು ಬಿಟ್ಟು, ಬಿರಡೆ ಎಳೆದು, ಮಂಡಿಯೂರಿ ಕೆಳಗೆ ತಲೆ ಹಾಕಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಇವರು ನನ್ನ ಹಿಂದೆ ನಿಂತಿದ್ದರು, ಟೀ ಲೋಟ ಹಿಡಿದುಕೊಂಡು. ಟಾರ್ಚಪ್ಪ ಎದ್ದ, ಕಪಾಟು ಮುಚ್ಚಿದ, ಏನೋ ಬರೆದುಕೊಂಡ. ನನ್ನ ಕಡೆ ನೋಡಲೂ ಇಲ್ಲ.

ಹೊರಡುವಾಗ ನರ್ಸಮ್ಮನ ಜೊತೆ ಮೆಟ್ಟಿಲ ಮೇಲೆ ನಿಂತು ತುಂಬಾ ಹೊತ್ತು ಮಾತಾಡಿದ. ದನಿ ತಗ್ಗಿಸಿದ್ದರು. ಇವರನ್ನು ಕೇಳಿದರೆ, ಅವನ ಅಮ್ಮನ ಸಕ್ಕರೆ ಕಾಯಿಲೆ ವಿಷಯ ಅಂದರು. ಇರಬಹುದು.

ಮಾರ್ಚ್ ೧೮, ಮಂಗಳವಾರ

ವರದಿ ಬಂತು. ಹಿಂದಿನ ಕೋಣೆಯ ನೆಲ ಬಾಗಿಲಿನ ಕಡೆ ಸ್ವಲ್ಪ ಇಳಿಜಾರು. ಬಚ್ಚಲಿನಲ್ಲಿ ಒಂದು ಟೈಲು ಟೊಳ್ಳು. ಮಾಳಿಗೆಯ ನೀರು ಹೋಗುವ ಕೊಳವೆಯಲ್ಲಿ ಎಲೆ ಕಟ್ಟಿದೆ. ಹೊಸ ಬಣ್ಣದ ಗೋಡೆ ಒಣಗಿದೆ, ದೋಷವಿಲ್ಲ. ಅಡುಗೆಮನೆಯ ಸಿಂಕು: ಸೋರಿಕೆ ಇಲ್ಲ.

ಸೋರಿಕೆ ಇಲ್ಲ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು. ಸಿಂಕಿನ ವಿಷಯದಲ್ಲಿ ಸುಳ್ಳು ಬರೆದವನು ಗೋಡೆಯ ವಿಷಯದಲ್ಲಿ ನಿಜ ಬರೆದಿರುತ್ತಾನೆಯೇ?

ಇವರು ಕೆಲಸಕ್ಕೆ ಹೊರಡುತ್ತಿದ್ದರು. ವರದಿ ನಂಬುವ ಹಾಗಿಲ್ಲ, ಅವನು ಅವರ ಕಡೆಯವನು, ಬೇರೆ ಕಂಪನಿಯಿಂದ ಇನ್ನೊಂದು ಪರೀಕ್ಷೆ ಮಾಡಿಸುತ್ತೇನೆ ಅಂದೆ. ಹೇಗೆ ಗೊತ್ತು ಎಂದರು.

"ಸಿಂಕಿನ ಕೆಳಗೆ ಏನಿದೆ ಅಂತ ನಂಗೊತ್ತು. ಅವನು ಬರೆದಿಲ್ಲ."

"ಸಿಂಕಿನ ಕೆಳಗಾ?" ಅಂದರು.

ಒಂದು ಕಾಲಿಗೆ ಶೂ ಹಾಕಿದ್ದರು, ಇನ್ನೊಂದು ಕೈಯಲ್ಲೇ ಇತ್ತು. ಅಷ್ಟು ಹೊತ್ತು ಒಂದೇ ಕಾಲಿನ ಶೂನಲ್ಲಿ ನಿಂತಿದ್ದರು. ನಿದ್ದೆಯಿಲ್ಲದವರಿಗೆ ಮಾತು ತಲೆಗೆ ಹೋಗಲು ಹೊತ್ತು ಹಿಡಿಯುತ್ತದೆ.

ಮಾರ್ಚ್ ೧೯, ಬುಧವಾರ

ಪಕ್ಕದ ಬೆಂಚಿನವಳಿಗೆ ಹೇಳಬೇಕಾಯಿತು, ನಿಮ್ಮ ಅಣ್ಣ ನೆಟ್ಟಗಿಲ್ಲ ಎಂದು.  ಮಧ್ಯಾಹ್ನ ಅವಳು ಊಟದ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಬೇಸರವಾಗುವುದು ಸಹಜ.

ಶುಭವಾಗಲಿಗೂ ಹೇಳಿದೆ, ಸಿಂಕಿನ ಸೋರಿಕೆ ಮುಚ್ಚಿಟ್ಟಿದ್ದಾರೆ, ಎರಡನೆಯ ಪರೀಕ್ಷೆ ಆಗುವವರೆಗೆ ಮುಂಗಡವಿಲ್ಲ ಎಂದು. ಅವನು, ಇನ್ನೊಂದು ಪಾರ್ಟಿ ಕೇಳುತ್ತಿದೆ, ಆಮೇಲೆ ನನ್ನನ್ನು ಅನ್ನಬೇಡಿ ಅಂದ. ಈ ಇನ್ನೊಂದು ಪಾರ್ಟಿ ಎಲ್ಲ ದಲ್ಲಾಳಿಗಳ ಜೇಬಿನಲ್ಲೂ ಇರುತ್ತದೆ. ಶುಭವಾಗಲಿ ಅಂದ. ನಿಮಗೂ ಅಂದೆ.

ಮಾರ್ಚ್ ೨೨, ಶನಿವಾರ

ಇವರಲ್ಲಿ ಏನೋ ವ್ಯತ್ಯಾಸ ಆಗಿದೆ. ಊಟ ಅರ್ಧಕ್ಕೆ ಬಿಡುತ್ತಾರೆ. ತಮಾಷೆ ಇಲ್ಲ. ಗರಗಸ ನಿಂತಿರುವಾಗಲೂ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾರೆ. ಎರಡನೆಯವನು ಯಾವಾಗ ಬರುತ್ತಾನೆ ಎಂದು ದಿನಾ ಕೇಳುತ್ತಾರೆ. ಮುಂದಿನ ಶನಿವಾರ ಎಂದು ಹೇಳಿದ್ದೇನೆ.

ಇಂದು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಬಾಗಿಲು ತೆಗೆದ ತಕ್ಷಣ ಇಟ್ಟುಬಿಟ್ಟರು. ಯಾರು ಎಂದರೆ ಬೇಕರಿ ಅಂದರು. ಸ್ನಾನಕ್ಕೆ ಹೋದಾಗ ಫೋನ್ ನೋಡಿದೆ. ಶುಭವಾಗಲಿ.

ಇವರೂ.

ಮಾರ್ಚ್ ೨೩, ಭಾನುವಾರ

ಮಾತಿಲ್ಲ. ನಾನಾಗಿ ಕೇಳುವುದಿಲ್ಲ. ಅಳಿಯನ ಹಾಗೆ ಟ್ರೇಯಲ್ಲಿ ಬಿಟ್ಟು ನೋಡುವುದು.

ಮಾರ್ಚ್ ೨೫, ಮಂಗಳವಾರ

ಬೆಳಿಗ್ಗೆ ಇವರು ಬಂದಾಗ ನಾನು ಕೆಲಸಕ್ಕೆ ಹೊರಟಿದ್ದೆ. ಕೆಳಗೆ ಗರಗಸ ಶುರುವಾಗಿತ್ತು. ಒಂದು ನಿಮಿಷ ಕೂತುಕೋ ಅಂದರು. ಬೈಬೇಡ ಅಂದರು. ಆ ಸದ್ದಿನಲ್ಲಿ ಹತ್ತಿರ ಬಂದು ಕಿವಿಯ ಬಳಿ ಹೇಳಬೇಕಾಯಿತು.

"ಆವತ್ತು ನಾನು ಮೊದ್ಲೇ ಹೋಗಿದ್ನಲ್ಲ. ಕೈ ತೊಳೆಯೋಕೆ ಸಿಂಕ್ ಹತ್ರ ನಿಂತೆ, ಕಾಲಿಗೆ ನೀರು ತಾಗ್ತು. ಕಪಾಟು ತೆಗೆದು ನೋಡಿದ್ರೆ ಸೋರ್ತಿದೆ. ನಿನ್ನ ಗೊತ್ತಲ್ವಾ ನಂಗೆ, ಇದೊಂದು ಸಿಕ್ರೆ ಸಾಕು, ಮನೆ ಹೋಯ್ತು ಅನ್ನಿಸ್ತು. ಕೂತು ಬಿಗಿ ಮಾಡ್ಬಿಟ್ಟೆ. ಒರೆಸ್ದೆ. ಟಾರ್ಚಪ್ಪ ಬರೋ ಹೊತ್ತಿಗೆ ಒಂದು ಹನಿ ಇರ್ಲಿಲ್ಲ. ಅವನದೇನೂ ತಪ್ಪಿಲ್ಲ."

ಶುಭವಾಗಲಿಗೆ ಫೋನ್ ಮಾಡಿದ್ದೂ ಇದಕ್ಕೇ. ಎರಡನೆಯ ಪರೀಕ್ಷೆ ಹೇಗಾದರೂ ತಪ್ಪಿಸಿ ಎಂದು ಕೇಳಲು ಹೊರಟು, ಬಾಯಿ ಬಾರದೆ ಹವಾಮಾನದ ಮಾತಾಡಿ ಇಟ್ಟರಂತೆ.



"ನೀನು ಹಿಂದಿನ ದಿನ ಹೋಗಿದ್ಯಲ್ಲ," ಅಂದರು. "ಸೋರೋದನ್ನ ಆವಾಗ್ಲೇ ನೋಡಿದ್ಯಾ?"

"ಹೂಂ," ಅಂದೆ. "ನೋಡಿದ್ದೆ."

ಅದು ಸುಳ್ಳಲ್ಲ.

ಇವರು ನನ್ನ ಮುಖವನ್ನೇ ನೋಡಿದರು. "ಮತ್ತೆ ಯಾಕೆ ಹೇಳ್ಲಿಲ್ಲ?"

"ಅವನು ಹೇಳ್ತಾನಾ ನೋಡೋಣ ಅಂತ."

ಅದೂ ಸುಳ್ಳಲ್ಲ. ಆದರೆ ಇವರ ಕಣ್ಣು ತುಂಬಿಬಂತು. ನಾನು ಅಂದುಕೊಂಡಿದ್ದು ಬೇರೆ, ಇವರಿಗೆ ಹೊಳೆದದ್ದು ಬೇರೆ.

"ಅಂದ್ರೆ ಸೋರುತ್ತೆ ಅಂತ ಗೊತ್ತಿದ್ದೂ ಮನೆ ಬೇಡ ಅನ್ಲಿಲ್ಲ ನೀನು. ನಂಗೋಸ್ಕರ ಸುಮ್ನಿದ್ದೆ. ನಾನು ನೋಡಿದ್ರೆ ನಿನ್ನೇ ತಪ್ಪು ತಿಳ್ಕೊಂಡಿದ್ದೆ."

ಹೋಗಲಿ ಬಿಡಿ, ಇನ್ನು ಮೇಲೆ ನನ್ನಿಂದ ಏನೂ ಮುಚ್ಚಿಡಬೇಡಿ ಅಂದೆ. ಇಲ್ಲ ಎಂದು ಮಗುವಿನ ಹಾಗೆ ತಲೆಯಾಡಿಸಿದರು. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಕೂತಲ್ಲೇ ನಿದ್ದೆ ಬಂದಿತ್ತು. ಕೆಳಗೆ ಗರಗಸ ಹಲಗೆ ಸೀಳುತ್ತಲೇ ಇತ್ತು.

ಹೇಳಬಹುದಿತ್ತು. ಆದರೆ ಮಲಗಿದವರನ್ನು ಎಬ್ಬಿಸಿ ಹೇಳುವಂಥದ್ದಲ್ಲ.

ಮಾರ್ಚ್ ೨೬, ಬುಧವಾರ

ಎರಡನೆಯ ಪರೀಕ್ಷೆ ಬೇಡವೆಂದು ಕಂಪನಿಗೆ ತಿಳಿಸಿದೆ. ಪಕ್ಕದ ಬೆಂಚಿನವಳಿಗೆ, ನಿಮ್ಮ ಅಣ್ಣನ ವರದಿ ಸರಿ, ಅವನು ಬರುವ ಮೊದಲೇ ನಮ್ಮನೆಯವರು ಪೈಪು ಬಿಗಿ ಮಾಡಿಬಿಟ್ಟಿದ್ದರಂತೆ ಅಂದೆ. ಅವಳು ಬೆಂಚಿನವರಿಗೆಲ್ಲ ಹೇಳಿದಳು. ದಿನವಿಡೀ ಇವರ ಮೇಲೆ ನಗು. ನಾನೂ ನಕ್ಕೆ. ಡಬ್ಬಿ ವಾಪಸ್ ನಮ್ಮ ಮೇಜಿಗೆ ಬಂತು. ನನ್ನ ಡಬ್ಬಿಯಲ್ಲಿ ಅರ್ಧ ಅನ್ನ ಹಾಗೇ ಉಳಿಯಿತು, ಬಹುಶಃ ಆರಿಹೋಗಿತ್ತು.

ಟಾರ್ಚಪ್ಪನಿಗೆ ನಾನೇ ಫೋನ್ ಮಾಡಿದೆ. ಆಗಲಿ ಮೇಡಂ ಅಂದ, ಅಷ್ಟೇ.  ಅವನ ಅಮ್ಮನ ಸಕ್ಕರೆ ಕಾಯಿಲೆ ಹೇಗಿದೆ ಎಂದು ಕೇಳಿದೆ. ಕಾಯಿಲೆ ನಿಜವೇ.

ಮಾರ್ಚ್ ೨೭, ಗುರುವಾರ

ಮುಂಗಡದ ಮಾತಾಡಲು ನರ್ಸಮ್ಮನ ಮನೆಗೆ ಹೋದೆ. ಬಾಗಿಲಲ್ಲಿ ಪರಿಚಯವಿಲ್ಲದ ಎರಡು ಜೊತೆ ಚಪ್ಪಲಿ. ಒಳಗೆ ಗಂಡ ಹೆಂಡತಿ ಟೇಪು ಹಿಡಿದು ಹಿಂದಿನ ಕೋಣೆ ಅಳೆಯುತ್ತಿದ್ದಾರೆ. ಇನ್ನೊಂದು ಪಾರ್ಟಿ ಇದ್ದೇ ಇತ್ತು. ಆ ಗಂಡಸು, ಇಲ್ಲಿ ಸಾಮಾನು ತುಂಬಬಹುದು ಅಂದ. ನನಗೆ ಮೈಯೆಲ್ಲ ಉರಿಯಿತು.

ಅವರು ಹೋಗುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ನರ್ಸಮ್ಮ ಬಂದು ಬಾಗಿಲಲ್ಲೇ ನಿಂತರು. ಒಳಗೆ ಕರೆಯಲಿಲ್ಲ.

"ಸಿಂಕ್ ಸೋರೋದನ್ನ ನಾನು ಮುಚ್ಚಿಟ್ಟೆ ಅಂದ್ರಂತೆ," ಅಂದರು. "ಇಷ್ಟು ವರ್ಷ ಇದ್ದೀನಿ ಇಲ್ಲಿ. ನೀವು ಬರೋ ಮುಂಚೆ ಅದು ಯಾವತ್ತೂ ಸೋರಿಲ್ಲ. ಇಂಥ ಮಾತು ಕೇಳಿಸ್ಕೊಂಡು ನಿಮಗೆ ಮನೆ ಕೊಡೋಕೆ ನಂಗಿಷ್ಟ ಇಲ್ಲ."

ಬೆಂಚಿನಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಲು ಬಾಯಿ ತೆರೆದೆ. ಆದರೆ ಇವರು ಬಿಗಿ ಮಾಡಿದರು ಎಂದರೆ, ಸಡಿಲವಾಗಿದ್ದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಯಾವತ್ತೂ ಸೋರದ ಪೈಪು ಅದು. ಆ ಕೋಣೆಯಲ್ಲಿ ಇವರು ಬಾಯಿ ತೆರೆದು ಮಲಗಿದ್ದು ಕಣ್ಣ ಮುಂದೆ ಬಂತು. ಅಲ್ಲಿ ಸಾಮಾನು ತುಂಬುತ್ತಾರೆ.

"ಸಡಿಲ ಮಾಡಿದ್ದು ನಾನು," ಅಂದೆ. "ಪರದೆ ಅಳತೆಗೆ ಬಂದಿದ್ನಲ್ಲ, ಆವತ್ತು. ಅವನು ಕಂಡುಹಿಡೀತಾನಾ ಅಂತ."

 ನರ್ಸಮ್ಮ ಅಲ್ಲೇ ಮೇಲಿನ ಮೆಟ್ಟಿಲಲ್ಲಿ ಕೂತರು.

"ನಿಮ್ಮನೆಯವರಿಗೆ ಗೊತ್ತಾ?"

"ಇಲ್ಲ."

"ಪರೀಕ್ಷೆ ದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಬಂದಾಗ ಅವರು ಸಿಂಕಿನ ಕೆಳಗೆ ಅರ್ಧ ಹೋಗಿದ್ರು. ಪಟ್ಟಿ ಬಿಚ್ಚಿ ಹೋಗಿತ್ತು, ಗಾಯದಲ್ಲಿ ರಕ್ತ. ನಾನು ಮಾಡ್ತೀನಿ ಬಿಡಿ ಅಂದ್ರೆ ಕೇಳ್ಲಿಲ್ಲ. ಅವಳಿಗೆ ಹೇಳ್ಬೇಡಿ ಅಕ್ಕಾ ಅಂದ್ರು." ಸ್ವಲ್ಪ ತಡೆದು ಅಂದರು, "ಒಂದು ನಟ್ಟಿಗೆ ಗಂಡ ಹೆಂಡತಿ ಇಬ್ಬರ ಗುಟ್ಟೂ ನನ್ನ ತಲೆಗೇ ಕಟ್ಟಿದ್ರಿ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರೂ ನಗಲಿಲ್ಲ. ಆ ಇನ್ನೊಂದು ಪಾರ್ಟಿಗೆ ಕಾರು ನಿಲ್ಲಿಸಲು ಜಾಗ ಬೇಕಂತೆ, ಇಲ್ಲಿ ಇಲ್ಲ, ಬರುವುದು ಅನುಮಾನ ಅಂದರು. ಭಾನುವಾರ ಇಬ್ಬರೂ ಬನ್ನಿ ಅಂದರು. ಇವರಿಗೆ ಹೇಳಬೇಡಿ ಎಂದು ನಾನು ಕೇಳಲಿಲ್ಲ. ಕೇಳುವ ಮೊದಲೇ, ನಾನು ಹೇಳೋದಿಲ್ಲ, ಅದು ನಿಮ್ಮ ಕೆಲಸ ಅಂದರು.

ನೋಡಬೇಕು. ಹೇಳುವುದಿಲ್ಲ ಅಂದವರೆಲ್ಲ ಹೇಳದೆ ಇರುವುದಿಲ್ಲ.

ಮಾರ್ಚ್ ೩೦, ಭಾನುವಾರ

ಮುಂಗಡ ಕೊಟ್ಟೆವು. ನರ್ಸಮ್ಮ ಹೇಳಲಿಲ್ಲ.

ಮೇ ೫, ಸೋಮವಾರ

ಹೊಸ ಮನೆಗೆ ಬಂದು ವಾರವಾಯಿತು. ಡಬ್ಬಗಳು ಇನ್ನೂ ಬಿಚ್ಚಿಲ್ಲ. ಇವತ್ತು ನನಗೆ ರಜೆ. ಇವರು ಬೆಳಿಗ್ಗೆ ಬಂದು ಹಿಂದಿನ ಕೋಣೆಯಲ್ಲಿ ಮಲಗಿದವರು ಮಧ್ಯಾಹ್ನವಾದರೂ ಎದ್ದಿಲ್ಲ. ಮಂಚವನ್ನು ಆ ಗೋಡೆಗೆ ತಾಗಿಸಿ ಹಾಕಿದ್ದೇವೆ. ನಾನು ಅದಕ್ಕೆ ಒರಗಿ ಕೂತು ಈ ಮಾತುಗಳನ್ನು ಬರೆಯುತ್ತಿದ್ದೇನೆ. ಪಟ್ಟಿ ಬಿಚ್ಚಿದ್ದಾರೆ, ಗಾಯ ಒಣಗಿ ಚರ್ಮ ಹೊಳೆಯುತ್ತಿದೆ. ಆ ಕೈಯನ್ನು ಹಾಸಿಗೆಯ ಮೇಲೆ ಹಾಗೇ ಚಾಚಿಕೊಂಡು ಮಲಗಿದ್ದಾರೆ.

ಎದ್ದ ಮೇಲೆ ಹೇಳೋಣ ಎಂದು ದಿನಾ ಅಂದುಕೊಳ್ಳುತ್ತೇನೆ. ಎದ್ದ ಮೇಲೆ ಇವರು ಬೇಕರಿಯ ಕತೆ ಶುರುಮಾಡುತ್ತಾರೆ.

ಪಾತ್ರೆ ತೊಳೆಯುವಾಗ ಸಿಂಕಿನ ಕೆಳಗೆ ಒಮ್ಮೆ ನೋಡೋಣ ಎನ್ನಿಸಿತು. ಒಣಗಿತ್ತು. ಆದರೂ ಕೈ ಹಾಕಿ ಆ ನಟ್ಟನ್ನು ತಿರುಗಿಸಿ ನೋಡಿದೆ. ಅಲ್ಲಾಡಲಿಲ್ಲ. ಎರಡೂ ಕೈಯಿಂದ, ಬಟ್ಟೆ ಸುತ್ತಿ, ಮಂಡಿಯೂರಿ ಪ್ರಯತ್ನಿಸಿದೆ. ನನ್ನ ಅಂಗೈ ಕೆಂಪಾಯಿತೇ ಹೊರತು ಅದು ಕೂದಲೆಳೆಯಷ್ಟೂ ಸರಿಯಲಿಲ್ಲ. ಸುಟ್ಟ ಕೈಯಲ್ಲಿ ಬಿಗಿ ಮಾಡಿದ್ದಾರೆ ಇದನ್ನು.

ಕಪಾಟಿನ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿ, ನಲ್ಲಿ ನಿಲ್ಲಿಸಿ ಬಂದೆ.